ಪ್ರಮೋದಾ ಕಂಡ ಉಡುದಾರ

ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಮಾಲು ನೋಡುವ ಕಣ್ಣಿನಿಂದ ನೋಡಿದರೆ ಪ್ರಮೋದಾ ಮೊದಲ ಸುತ್ತಿಗೇ ಯಾರೂ ಹರಾಜು ಕೂಗುವ ಸರಕಲ್ಲ. ಬಣ್ಣ ಮಾಸಲು, ಮೈ ಒಣಕಲು, ವಯಸ್ಸು ನಲವತ್ತೊಂದು, ಮೂಗಿನ ಎರಡೂ ಪಕ್ಕ ಸಿಂಡರಿಸಿ ಸಿಂಡರಿಸಿ ಬಿದ್ದ ಗೆರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮಾತ್ರ ಒಳಗೆ ಗಟ್ಟಿ ಇದೆ ಎಂಬುದು ತಿಳಿಯುತ್ತದೆ. ಆದರೆ ಆಕೆಯನ್ನು ಅಲ್ಲಾಡಿಸಲು ಹೋಗುವವರು ಮೊದಲು ಕೈ ತೊಳೆದುಕೊಂಡು ಬರಬೇಕು. ಸೋಪು ಹಚ್ಚಿದ್ದೀರೋ ಇಲ್ಲವೋ ಎಂದು ಆಕೆ ಮೂಸಿ ಹೇಳುತ್ತಾಳೆ.

ರೇಷ್ಮೆ ಊರಾದ ವಿಜಯಪುರದ ಹೊರಗೆ ಮುನೀಂದ್ರನ ಚಾಕಿ ಮನೆಯಿದೆ. ಮೊಟ್ಟೆ ಒಡೆದು ಬಂದ ರೇಷ್ಮೆ ಮರಿಹುಳುಗಳನ್ನು ಎರಡು ಸಲ ಪೊರೆ ಬಿಡುವವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ಅಲ್ಲಿ ಪ್ರಮೋದಾಳದು ಒಂದೇ ಕೆಲಸ: ಸತ್ತ ಹುಳುಗಳನ್ನು ಪಿಂಗಾಣಿ ಒರಳಿನಲ್ಲಿ ಅರೆದು, ಆ ರಸದ ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ರೋಗವಿಲ್ಲ ಎಂದಾದರೆ ಚೀಟಿಗೆ ರುಜು ಹಾಕುವುದು. ಆ ಚೀಟಿ ಇಲ್ಲದೆ ಒಂದು ತಟ್ಟೆಯೂ ಹೊರಗೆ ಹೋಗುವುದಿಲ್ಲ.

ಹದಿಮೂರು ವರ್ಷ ಒಂದೇ ಕೆಲಸ ಮಾಡಿದರೆ ಯಾರಿಗಾದರೂ ಮೂಗು ಮೊಂಡಾಗುತ್ತದೆ. ಪ್ರಮೋದಾಳ ಮೂಗು ವರ್ಷವರ್ಷಕ್ಕೆ ಚೂಪಾಯಿತು. ಒರಳಿನಲ್ಲಿ ಹುಳು 'ಪಿಚ್' ಎಂದಾಗ ಇವತ್ತಿಗೂ ಆಕೆ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಾಳೆ. ಮನೆಯಲ್ಲಿ ಶ್ಯಾವಿಗೆ ಮಾಡಿದ ದಿನ ಆಕೆಗೆ ಉಪವಾಸ. ನೂಲು ತೆಗೆಯುವ ಪಕ್ಕದ ರೀಲಿಂಗ್ ಮನೆಗಳಲ್ಲಿ ಬೇಯುವ ಗೂಡಿನ ನಾತಕ್ಕೆ ಊರೆಲ್ಲ ಒಗ್ಗಿದ್ದರೂ ಆಕೆ ಮಾತ್ರ ಬಸ್ಸಿನಿಂದ ಇಳಿಯುವಾಗಲೇ ಸೆರಗು ಮೂಗಿಗೆ ತರುತ್ತಾಳೆ. ಕೆಲಸದಾಳುಗಳು ಹಿಂದಿನಿಂದ 'ಥೂ ಮೇಡಂ' ಎನ್ನುತ್ತಾರೆ. 'ಈ ಹೆಂಗಸು ಅಂಚೆ ಕಚೇರಿಯಲ್ಲಿರಬೇಕಿತ್ತು' ಎಂದು ಊರಲ್ಲಿ ಅಂಗಡಿ ಇಟ್ಟಿರುವ ನಾನೂ ನಾಲ್ಕು ಕಡೆ ಹೇಳಿಕೊಂಡು ನಕ್ಕಿದ್ದೇನೆ.

ಈ ಬೇಸಿಗೆಯ ಒಂದು ಸೋಮವಾರ ನಾಲ್ಕೈದು ತಟ್ಟೆಗಳಲ್ಲಿ ಹುಳು ಸಪ್ಪೆಯಾದವು. ಸೊಪ್ಪು ಮುಟ್ಟದೆ, ಬಾಯಿಂದ ಕಂದು ನೀರು ಬಿಟ್ಟುಕೊಂಡು, ಮುಟ್ಟಿದರೆ ಬೆರಳಿಗೆ ಅಂಟುವಷ್ಟು ಮೆತ್ತಗಾಗಿ ಮಲಗಿದವು. ಪ್ರಮೋದಾ ಉಸಿರು ಹಿಡಿದು ಅರೆದಳು, ನೋಡಿದಳು. ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಜಾತ್ರೆ ನೆರೆದಂತೆ ತುಂಬಿದ್ದವು. ಅರ್ಧಕ್ಕರ್ಧ ಕಡ್ಡಿಗಳ ಸೊಂಟ ಕಿರಿದಾಗಿತ್ತು. ಒಂದು ಎರಡಾಗುವ ಹೊತ್ತು. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವ ಆ ಹೊಲಸಿನ ಲೆಕ್ಕ ಮನಸ್ಸಿನಲ್ಲಿ ಓಡಿ, ಆಕೆ ಹಿತ್ತಲಿಗೆ ಹೋಗಿ ಕಾರಿಕೊಂಡು ಬಂದಳು.

"ಸಪ್ಪೆ ರೋಗ. ಎಲ್ಲಾ ತಟ್ಟೆ ಸುಣ್ಣದ ಗುಂಡಿಗೆ ಹಾಕ್ಸಿ," ಎಂದಳು.

ಮುನೀಂದ್ರ ನಕ್ಕ. "ಏನಮ್ಮಾ, ನಾಲ್ಕು ಹುಳು ಕೆಮ್ಮಿದ್ರೆ ಊರೇ ಸುಡ್ಬೇಕಾ? ಔಷಧಿ ಹೊಡಿಸ್ತೀನಿ, ಬಿಡಿ."

ಔಷಧಿ ಎಂದರೆ ಒಂದು ಆ್ಯಂಟಿಬಯಾಟಿಕ್ ಪುಡಿ. ನೀರಿಗೆ ಬೆರೆಸಿ ಸೊಪ್ಪಿಗೆ ಸಿಂಪಡಿಸಬೇಕು. ಅದು ಹೋದದ್ದು ನನ್ನ ಔಷಧಿ ಅಂಗಡಿಯಿಂದಲೇ. 'ಎರಡೇ ದಿನ, ಕೀಟಾಣು ಹುಡುಕಿದ್ರೂ ಸಿಗಲ್ಲ' ಎಂಬ ಮಾತನ್ನು ಪುಡಿಯ ಜೊತೆ ಪುಕ್ಕಟೆಯಾಗಿ ಕೊಟ್ಟವನೂ ನಾನೇ.

ಗುರುವಾರ ಬೆಳಿಗ್ಗೆ ಹುಳು ಕೊಡುವ ದಿನ. ಮೂವತ್ತು ಮನೆಯವರು ತಟ್ಟೆ ತೊಳೆದು, ಸೊಪ್ಪು ಕೊಯ್ದು ಕಾದಿದ್ದರು. ಎಲ್ಲರಿಗಿಂತ ಮೊದಲು ಬಂದವಳು ಅಶ್ವತ್ಥಮ್ಮ. ಎರಡು ಎಕರೆ ಹಿಪ್ಪುನೇರಳೆ, ಒಂದು ಹುಳು ಮನೆ, ಅದರಲ್ಲೇ ಬದುಕುವ ಅರವತ್ತರ ಮುದುಕಿ. ಈಕೆ ಒಯ್ಯುವ ಹುಳು ಕೆಟ್ಟದ್ದಾದರೆ ಒಂದು ಬೆಳೆಯ ಜೊತೆಗೆ ಮನೆಯ ಗೋಡೆ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲಕ್ಕೂ ರೋಗ ಹತ್ತುತ್ತದೆ.

ಪ್ರಮೋದಾ ಹನಿ ನೋಡಿದಳು. ಜಾತ್ರೆ ಖಾಲಿ! ಕಡ್ಡಿಗಳು ಅಲ್ಲೊಂದು ಇಲ್ಲೊಂದು. ಆದರೆ ಉದ್ದುದ್ದ ಎಳೆಗಳು ಅಡ್ಡಾದಿಡ್ಡಿ ಬಿದ್ದಿದ್ದವು. ರೇಷ್ಮೆ ಊರಿನಲ್ಲಿ ಎಳೆ ಕಂಡರೆ ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ಗಾಳಿಯಲ್ಲಿ ಹಾರುವುದೂ ಅದೇ, ಟೀ ಲೋಟದಲ್ಲಿ ಸಿಗುವುದೂ ಅದೇ. ಆಕೆಯೂ ಯೋಚಿಸಲಿಲ್ಲ. ಧೂಳೆಂದು ಗಾಜು ಒರೆಸಿ ಬೇರೆ ಹನಿ ಹಾಕಿದಳು. ಮತ್ತೆ ಎಳೆ. ಗಾಜನ್ನು ಬಿಸಿನೀರಿನಲ್ಲಿ ತೊಳೆದು ಮೂರನೆಯದು ಹಾಕಿದಳು. ಮತ್ತೆ ಎಳೆ.

ಮುನೀಂದ್ರ ಬಗ್ಗಿ ನೋಡಿ ತಲೆ ಎತ್ತಿದ. "ನೂಲು ಕಣ್ರೀ! ಪಕ್ಕದ ರೀಲಿಂಗ್‌ನಿಂದ ಹಾರ್ಬಂದೈತೆ. ರೋಗ ಹೋಯ್ತಲ್ಲ, ರುಜು ಹಾಕ್ಬಿಡಿ, ಗಾಡಿ ನಿಂತೈತೆ."

ಆಕೆ ಪೆನ್ನಿನ ಮುಚ್ಚಳ ತೆಗೆದದ್ದೂ ಉಂಟು. ಕಡೆಯ ಸಲ ಎಂದು ಕಣ್ಣಿಟ್ಟಳು. ಒಂದು ಎಳೆ ತಾನಾಗಿ ನಿಧಾನಕ್ಕೆ ಬಳುಕಿತು.

ಆಕೆಗೆ ಬೆನ್ನಿನುದ್ದಕ್ಕೂ ಹೇಸಿಗೆ ಹರಿಯಿತು. ನಿಜವಾದ ರೇಷ್ಮೆ ಎಳೆ ಈ ಮೈಕ್ರೋಸ್ಕೋಪಿನಲ್ಲಿ ಹಗ್ಗದಷ್ಟು ದಪ್ಪ ಕಾಣುತ್ತದೆ. ಇವು ಸೋಮವಾರದ ಕಡ್ಡಿಗಳಷ್ಟೇ ದಪ್ಪ, ಉದ್ದ ಮಾತ್ರ ಹತ್ತರಷ್ಟು. ಪೆನ್ನು ಮುಚ್ಚಿ, ಒಂದು ಹನಿಯನ್ನು ಔಷಧಿ ಸೋಕದ, ಕೀಟಾಣು ಬೆಳೆಸುವ ಸಾರಿಗೆ ಬಿಟ್ಟು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟಳು. "ಎರಡು ಗಂಟೆ," ಎಂದಳು.

"ಎರಡು ಗಂಟೆ? ಮೂವತ್ತು ಮನೆಯವ್ರು ಕಾಯ್ತಾವ್ರೆ, ತಾಯಿ!" ಮುನೀಂದ್ರ ಕೈಮುಗಿದ. "ನಿಮ್ಗೆ ಹುಳ ಅಂದ್ರೆ ಅಸಯ್ಯ, ಒಪ್ಕೋತೀನಿ. ನೂಲು ಕಂಡ್ರೂನಾ?"

"ನಂಗೆ ಅಸಹ್ಯ ಆಗ್ತಿರೋದು ಹುಳ ಕಂಡಲ್ಲ," ಎಂದಳು ಪ್ರಮೋದಾ. "ಹುಳ ನಾಚ್ಕೊಂಡು ಸಾಯ್ತಾವೆ. ನೀವು ನಗ್ತಾ ಮಾರ್ತಿದ್ದೀರಿ."

ಅಶ್ವತ್ಥಮ್ಮ ಬಾಗಿಲಿಗೆ ಬಂದು ನಿಂತಳು. "ಏನವ್ವಾ ಗಲಾಟೆ? ನನ್ನ ಸೊಪ್ಪು ಬಾಡ್ತೈತೆ."

ಪ್ರಮೋದಾ ಮುದುಕಿಗೆ ಸ್ಟೂಲು ಎಳೆದು ಕೂರಿಸಿ ಹೇಳಿದಳು. ಪ್ರತಿ ಕಡ್ಡಿಯ ಒಳಗೂ ಸಣ್ಣ ಸಣ್ಣ ಪ್ರೋಟೀನ್ ತುಣುಕುಗಳಿವೆ. ಒಡೆಯುವ ಹೊತ್ತು ಬಂದಾಗ ಅವು ಒಂದಕ್ಕೊಂದು ಕೂಡಿ ದಾರವಾಗಿ, ಸರಿಯಾಗಿ ನಡುವಿಗೆ ಉಂಗುರದಂತೆ ಸುತ್ತಿಕೊಳ್ಳುತ್ತವೆ. ಆ ದಾರ ಸುಮ್ಮನಿರುವುದಿಲ್ಲ. ಒಂದು ತುದಿಯಲ್ಲಿ ಬೆಳೆಯುತ್ತಾ ಇನ್ನೊಂದು ತುದಿಯಲ್ಲಿ ಕಳಚುತ್ತಾ ಸೊಂಟದ ಸುತ್ತ ಓಡಾಡುತ್ತದೆ, ಮೇಸ್ತ್ರಿಯಂತೆ ಒಳಗೋಡೆ ಕಟ್ಟಿಸುತ್ತದೆ. ಗೋಡೆ ಒಳಕ್ಕೆ ಬರುತ್ತಾ ಬರುತ್ತಾ ಸೊಂಟ ಕಿರಿದಾಗಿ, ಒಂದು ಎರಡಾಗುತ್ತದೆ.

"ಅಂದ್ರೆ ಉಡುದಾರ," ಎಂದಳು ಅಶ್ವತ್ಥಮ್ಮ.

"ಉಡುದಾರಾನೇ. ಆದ್ರೆ ಒಳಗಡೆ."

"ಒಳಗಡೆ ಉಡುದಾರ ಕಟ್ಕೊಳ್ಳೋ ಗಂಡ್ಸು ಯಾವೂರೋನವ್ವಾ!" ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು. ಮುನೀಂದ್ರನಿಗೂ ನಗು ಬಂತು, ನುಂಗಿಕೊಂಡ.

"ಈ ಪುಡಿ ಅವನ್ನ ಪೂರ್ತಿ ಕೊಂದಿಲ್ಲ," ಪ್ರಮೋದಾ ಮುಂದುವರಿಸಿದಳು. "ಪೆಟ್ಟು ತಿಂದ ಕಡ್ಡಿ ತಾನೇ ಉಡುದಾರ ಕಟ್ಟೋದನ್ನ ತಡ್ಕೊಂಡೈತೆ. ಮೈ ಬೆಳೀತಾನೇ ಐತೆ, ಸೊಂಟ ಮಾತ್ರ ಕತ್ತರಿಸ್ತಿಲ್ಲ. ಅದಕ್ಕೆ ಉದ್ದ. ಲೆಕ್ಕಕ್ಕೆ ಒಂದು, ಒಳಗೆ ಹತ್ತು. ನಿಮ್ಮನೇಲಿ ಹುಳ ಔಷಧಿ ಇಲ್ಲದ ಸೊಪ್ಪು ತಿಂದ ದಿನ ಇವು ಉಡುದಾರ ಕಟ್ಕೊಂಡು ಒಂದು ಹತ್ತಾಗ್ತವೆ."

"ಮಾತಿಗೇನು," ಎಂದ ಮುನೀಂದ್ರ, "ನಾನೂ ಹೇಳ್ತೀನಿ ನೂಲು ಅಂತ."

ಎರಡು ಗಂಟೆ ಕಳೆಯಿತು. ಆಕೆ ಸಾರಿನ ಹನಿಯನ್ನು ಗಾಜಿಗೆ ಹಾಕಿ, ತಾನು ನೋಡದೆ ಅಶ್ವತ್ಥಮ್ಮನನ್ನು ಕರೆದಳು. ಮುದುಕಿ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ಬಾಯಿಯಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ಹೋಗಿ ಉಗಿದು ಬಂದು ಮತ್ತೆ ನೋಡಿದಳು.

"ಥೂ! ದಾರದ ಉದ್ದಕ್ಕೂ ಗಂಟು ಬಿದ್ದವೆ. ತುಂಡು ತುಂಡಾಗಿ ಕಳ್ಚ್ಕೊಂಡು ಹರಿದಾಡ್ತವೆ. ಲೇ ಮುನೀಂದ್ರ, ನೂಲು ಮರಿ ಹಾಕ್ತೈತೇನ್ಲಾ?"

ಮುನೀಂದ್ರ ನೋಡಿದ. ಅವನ ಕೈ ತಾನಾಗಿ ಪ್ಯಾಂಟಿಗೆ ಉಜ್ಜಿಕೊಳ್ಳುತ್ತಿತ್ತು. ಆದರೂ ವ್ಯಾಪಾರಿ ಸುಲಭಕ್ಕೆ ಸಾಯುವುದಿಲ್ಲ. "ಕೊಟ್ಮೇಲೂ ಪುಡಿ ಹೊಡೀತಾ ಇದ್ರೆ..." ಎಂದು ರಾಗ ಎಳೆದ.

"ನನ್ನ ಮನೆಗೆ ಬೇಡ," ಎಂದಳು ಅಶ್ವತ್ಥಮ್ಮ. ಹೊರಗೆ ಕಾದಿದ್ದವರಿಗೂ ಕೇಳುವಂತೆ, ಹೊಲದಲ್ಲಿ ದನ ಕರೆಯುವ ದನಿಯಲ್ಲಿ ಹೇಳಿದಳು. ಗಾಡಿಗಳು ಒಂದೊಂದಾಗಿ ಖಾಲಿ ತಿರುಗಿದವು.

ಪ್ರಮೋದಾ ಚೀಟಿ ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಜಡಿದಳು. ಮಧ್ಯಾಹ್ನದವರೆಗೆ ತಟ್ಟೆಗಳು ಗುಂಡಿಗೆ ಹೋದವು. ಆಳುಗಳು ವಾಸನೆಗೆ ಹಿಂದೆ ಸರಿದಾಗ ಆಕೆಯೇ ಸೀರೆ ಎತ್ತಿ ಕಟ್ಟಿ, ಮುಖ ಪಕ್ಕಕ್ಕೆ ತಿರುಗಿಸಿ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ಪುಟ್ಟಿ ಪುಟ್ಟಿ ಸುರಿದಳು. ನಡುನಡುವೆ ಓಕರಿಸಿದಳು, ಮತ್ತೆ ಸುರಿದಳು. ಸಾಯದೆ ಉಳಿದಿದ್ದ ಹುಳುಗಳು ಸೊಪ್ಪು ಮೆಲ್ಲುತ್ತಿದ್ದ ಸದ್ದು ನಿಂತ ಮೇಲೆಯೇ ಆಕೆ ಅಲ್ಲಿಂದ ಕದಲಿದ್ದು. ನಂತರ ಮೊಣಕೈವರೆಗೆ ಏಳು ಸಲ ಸೋಪು ಹಚ್ಚಿ ತೊಳೆದಳು. ಮುನೀಂದ್ರ ತಂದಿಟ್ಟ ಟೀಯನ್ನು ಮುಟ್ಟಲಿಲ್ಲ.

"ಕೈ ತೊಳ್ಕೊಂಡೇ ಮಾಡ್ದೆ ಮೇಡಂ," ಎಂದನಂತೆ ಅವನು.

"ಯಾವ ಸೋಪು?" ಎಂದಳಂತೆ ಆಕೆ.

ಮೂವತ್ತು ಹುಳು ಮನೆ ಉಳಿದವು. ಇಲ್ಲದಿದ್ದರೆ ಆ ಮೂವತ್ತು ಮನೆಯವರೂ ಅದೇ ಪುಡಿಗಾಗಿ ನನ್ನ ಅಂಗಡಿಗೆ ಬರುತ್ತಿದ್ದರು, ನಾನು ಅದೇ ಮಾತು ಸೇರಿಸಿ ಕೊಡುತ್ತಿದ್ದೆ. ಪ್ರಮೋದಾ ಅವರ ಎದುರು ನಿಂತು, ನಾನು ಹೇಳಿ ಮಾರಿದ್ದು ತಪ್ಪು, ನೀವು ಅಸಹ್ಯಪಟ್ಟಿದ್ದು ಸರಿ ಎಂದು ಹೇಳುವ ಋಣ ನನ್ನ ಮೇಲಿದೆ, ಇನ್ನೂ ಹೇಳಿಲ್ಲ.