ಅರವತ್ತೆರಡು ಬೀದಿಗೆ ನೀರಿನ ಹೊತ್ತು ಹೇಳುವ ಧನುಶ್ರೀ

ಬೆಳಗಿನ ಐದೂವರೆ. ರಾಮಮೂರ್ತಿ ನಗರದ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಧನುಶ್ರೀ ಕೂತಿದ್ದಾರೆ. ಕಿವಿಯಲ್ಲಿ ಫೋನು, ತೊಡೆಯ ಮೇಲೆ ಹಳೆಯ ಲ್ಯಾಪ್‌ಟಾಪು. ಆ ಕಡೆಯಿಂದ ನೀರು ಬಿಡುವ ಸಂಜೀವಪ್ಪನವರ ದನಿ.

"ಮೂರನೇ ಕ್ರಾಸ್‌ಗೆ ಆರೂಕಾಲಿಗೆ ಬಿಡ್ತೀನಮ್ಮ. ಎರಡನೇ ಕ್ರಾಸ್‌ನೋರಿಗೆ ನಾಳೆ ಅಂತ ಹಾಕ್ಬಿಡು. ಇಲ್ದಿದ್ರೆ ಬಿಂದಿಗೆ ಹಿಡ್ಕೊಂಡು ನನ್ ಮೇಲೇ ಬರ್ತಾರೆ."

"ಹಾಕ್ದೆ ಅಣ್ಣ. ಹೇಳಿದ ಹೊತ್ತಿಗೆ ಬಿಡಿ, ಬೈಸ್ಕೊಳ್ಳೋಳು ನಾನು."

ಆರು ಗಂಟೆಯೊಳಗೆ ಇಂಥ ಐದು ಕರೆ, ಅರವತ್ತೆರಡು ಬೀದಿ. ಇವತ್ತು ಯಾವ ಬೀದಿಗೆ, ಎಷ್ಟು ಹೊತ್ತಿಗೆ ನೀರು ಎಂಬುದಷ್ಟೇ ಅವರ ವೆಬ್‌ಸೈಟಿನಲ್ಲಿರುವುದು. ಎಂಟೂವರೆಗೆ ಶಿವಾಜಿನಗರದ ಬಸ್ಸು ಹಿಡಿದರೆ ಸಂಜೆಯವರೆಗೂ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯಲ್ಲಿ ನಿಂತು ಸೀರೆ ಬಿಡಿಸುವ ಕೆಲಸ. ವೆಬ್‌ಸೈಟ್ ಕಟ್ಟಲು ಕಲಿತದ್ದು ಅಲ್ಲೇ ಹತ್ತಿರದ ಸಂಜೆ ತರಗತಿಯಲ್ಲಿ. ಆರು ವರ್ಷದಿಂದ ಒಂದು ದಿನವೂ ತಪ್ಪಿಲ್ಲ ಎಂದು ಬರೆಯಹೊರಟರೆ ಅವರೇ ತಡೆಯುತ್ತಾರೆ: "ಎರಡು ದಿನ ತಪ್ಪಿದೆ. ಡೆಂಗ್ಯೂ ಬಂದಿತ್ತು."

ಸರ್ವರಿನ ಖರ್ಚು ಒಂದು ದತ್ತಿ ಸಂಸ್ಥೆಯದು. ಕಳೆದ ತಿಂಗಳು ಅಲ್ಲಿನ ಮಧುಕರ್ ಫೋನ್ ಮಾಡಿದ್ದರು. ಯಾವ ಸೈಟನ್ನು ಎಷ್ಟು ಜನ ನೋಡುತ್ತಾರೆಂದು ಅಂದಾಜು ಹೇಳುವ ಹೊರಗಿನ ಕಂಪನಿಯೊಂದರ ಪುಟದಲ್ಲಿ ಧನುಶ್ರೀಯ ಸೈಟಿನ ಮುಂದೆ ಸೊನ್ನೆ ಇತ್ತಂತೆ. ನೋಡುವವರೇ ಇಲ್ಲದ್ದಕ್ಕೆ ಖರ್ಚೇಕೆ, ತಿಂಗಳ ಕೊನೆಗೆ ನಿಲ್ಲಿಸೋಣ ಎಂಬುದು ಮಾತು.

"ಎರಡು ದಿನ ಊಟ ಸೇರ್ಲಿಲ್ಲ. ಆರು ವರ್ಷ ಗೋಡೆಗೆ ಹೇಳ್ಕೊಂಡು ಕೂತಿದ್ನಾ ಅನ್ನಿಸ್ಬಿಡ್ತು," ಎನ್ನುತ್ತಾರೆ ಧನುಶ್ರೀ.

ಬಳಿಕ ಸರ್ವರಿನ ದಾಖಲೆ ತೆಗೆದು ಕೂತರು. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ಭೇಟಿ. ಅದನ್ನೂ ಅವರು ಹಾಗೇ ನಂಬಲಿಲ್ಲ. ಸೈಟಿನಿಂದ ಸೈಟಿಗೆ ತಾವಾಗಿ ಓಡಾಡುವ ಯಂತ್ರಗಳನ್ನು ತೆಗೆದರು. ಮೋಟಾರ್ ಹಾಕುವ ಅವಸರಕ್ಕೆ ಐದೈದು ಸಲ ತೆರೆಯುವವರನ್ನು ಒಂದೇ ಎಂದು ಹಿಡಿದರು. ಉಳಿದದ್ದು ದಿನಕ್ಕೆ ಸಾವಿರದ ನೂರ ನಲವತ್ತು ಜನ.

ಅದನ್ನು ಹಿಡಿದು ಸಂಸ್ಥೆಯ ಇಂದಿರಾನಗರದ ಕಚೇರಿಗೆ ಹೋದರೆ ಮಧುಕರ್ ತಲೆಯಾಡಿಸಿದರು. "ಇದು ನಿಮ್ಮ ಲೆಕ್ಕ ಅಲ್ವೇನಮ್ಮ. ಹೊರಗಿನವರ ಲೆಕ್ಕ ನಂಬಬೇಕಾಗುತ್ತೆ."

ಧನುಶ್ರೀ ಅಳುಕುತ್ತಲೇ ಕೇಳಿದರು: "ಸಾರ್, ನಿಮ್ಮ ಸಂಸ್ಥೆ ಸೈಟನ್ನೇ ಅದರಲ್ಲಿ ಹಾಕಿ ನೋಡೋಣ್ವಾ? ನಿಮ್ಮ ನಿಜವಾದ ಲೆಕ್ಕ ನಿಮಗೆ ಗೊತ್ತಲ್ಲ."

ಹಾಕಿದರು. ತಿಂಗಳಿಗೆ ಮೂವತ್ತೆಂಟು ಸಾವಿರ ಜನ ಎಂದಿತು ಆ ಪುಟ. ಸಂಸ್ಥೆಯ ಸ್ವಂತ ಎಣಿಕೆಯಲ್ಲಿದ್ದದ್ದು ಒಂಬೈನೂರು. ಇನ್ನೊಂದು ಅಂದಾಜು ಕಂಪನಿಯನ್ನು ಕೇಳಿದರೆ ಆರು ಸಾವಿರ.

ಮಧುಕರ್‌ಗೆ ನಗು ತಡೆಯಲಾಗಲಿಲ್ಲ. "ಮೂವತ್ತೆಂಟು ಸಾವಿರ ಜನ ನಮ್ಮನ್ನ ನೋಡ್ತಿದ್ರೆ ನಾನ್ಯಾಕ್ರೀ ಇಲ್ಲಿ ನೊಣ ಹೊಡೀತಾ ಕೂರ್ತಿದ್ದೆ? ಟೀ ಕುಡಿದು ಹೋಗಿ. ಸರ್ವರ್ ಇರುತ್ತೆ."

ತಪ್ಪು ಯಾರ ಮೋಸವೂ ಅಲ್ಲ. ಇಂಥ ಕಂಪನಿಗಳಿಗೆ ಇನ್ನೊಬ್ಬರ ಸರ್ವರಿನೊಳಗೆ ಇಣುಕಲು ಬರುವುದಿಲ್ಲ. ತಮ್ಮ ಕೈಗೆ ಸಿಗುವ ಕೆಲವರ ಓಡಾಟ ನೋಡಿ ಉಳಿದವರದ್ದನ್ನು ಊಹಿಸುತ್ತವೆ. ದೊಡ್ಡ ಸೈಟುಗಳನ್ನು ಒಂದರೊಡನೊಂದು ಹೋಲಿಸಲು ಅದು ಸಾಕಾಗಬಹುದೇನೋ. ಹಳೇ ಫೋನಿನಲ್ಲಿ ಹತ್ತು ಸೆಕೆಂಡು ಪುಟ ತೆರೆದು, ಬಿಂದಿಗೆ ಎತ್ತಿಕೊಂಡು ಓಡುವವರು ಆ ಕೆಲವರಲ್ಲಿ ಇರುವುದು ಕಷ್ಟ.

ಧನುಶ್ರೀಯ ಎಣಿಕೆಗೂ ಸಿಗದವರಿದ್ದಾರೆ. ಎಂಟು ಮನೆಯ ವಠಾರದ ಚಿಕ್ಕಮುನಿಯಮ್ಮ ಅಂಥವರು. "ನಂಗೆ ಓದಕ್ಕೆ ಬರಲ್ಲ ಕಣವ್ವ. ಸೊಸೆ ನೋಡಿ ಹೇಳ್ತಾಳೆ, ನಾನು ವಠಾರಕ್ಕೆಲ್ಲ ಕೂಗ್ತೀನಿ. ನನ್ನ ಯಾವ ಮಿಷಿನ್ ಎಣಿಸ್ತದೆ?"

ಈಗ ಊಟ ಸೇರುತ್ತಿದೆ, ನಿದ್ದೆಯೂ ಬರುತ್ತಿದೆ ಎಂದು ನಗುತ್ತಾರೆ ಧನುಶ್ರೀ. ಇನ್ನೇನು ಆಸೆ ಎಂದು ಕೇಳಿದರೆ ಬಸ್ಸಿಗೆ ಹೊರಡುತ್ತಾ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ.

"ದಿನಾ ನಲ್ಲಿ ತಿರುಗಿಸಿದ್ರೆ ನೀರು ಬರೋ ಹಾಗಾಗ್ಲಿ. ಆವತ್ತು ನನ್ನ ಸೈಟ್ ಒಬ್ರೂ ನೋಡಲ್ಲ. ಯಾರೂ ಹೇಳೋದು ಬೇಡ, ನಾನೇ ಮುಚ್ಚಿ ಹಾಯಾಗಿ ಏಳು ಗಂಟೆವರೆಗೂ ಮಲಗ್ತೀನಿ."