ಹಿತ್ತಲ ಕೋಣೆಯಿಂದ ಬೀದಿಯ ಕಟ್ಟೆಗೆ

ತಲೆಯ ಮೇಲೆ ಯಾರೋ ನಡೆದಾಡುತ್ತಿದ್ದರು. ಕಲಬುರಗಿ ಬಳಿಯ ಕಮಲಾಪುರದಲ್ಲಿ ಅದು ನನ್ನ ಮೊದಲ ಬೆಳಗು. ಮನೆಯೊಡತಿ ಶರಣಮ್ಮನವರ ಪಡಸಾಲೆಯಲ್ಲಿ ಚಹಾ ಹಿಡಿದು ಕೂತವಳು ಬೆಚ್ಚಿ ಮೇಲೆ ನೋಡಿದೆ. ಕುಂದಾಪುರದವಳಾದ ನನಗೆ ಮಾಡು ಎಂದರೆ ಹೆಂಚು, ಇಳಿಜಾರು. ಅಲ್ಲಿ ಓಡಾಡುವುದು ಬೆಕ್ಕು ಮಾತ್ರ.

"ಅಂಜಬ್ಯಾಡ ಯವ್ವಾ, ಮಾಳಗಿ ಮ್ಯಾಲ ನಮ್ಮ ಸೊಸಿ ಮೆಣಸಿನಕಾಯಿ ಒಣಗ್ಸಾಕತ್ತಾಳ," ಎಂದು ಶರಣಮ್ಮ ನಕ್ಕರು. ಮಾಳಿಗೆಯೆಂದರೆ ಇಲ್ಲಿ ಮಣ್ಣು ಹೊದಿಸಿದ ಸಮತಟ್ಟಾದ ಮಾಡು.

ಆಗ ತೊಂಬತ್ತರ ದಶಕದ ಕೊನೆ. ಕಲಬುರಗಿಯ ಸ್ಟೇಶನ್ ಬಜಾರಿನ ಬಳಿ, ಮನೆಗಳ ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ನನಗೆ ಕೆಲಸ. ಖೂಬಾ ಪ್ಲಾಟ್ ಬಡಾವಣೆಯಲ್ಲಿ ಬಾಡಿಗೆ ಕೋಣೆ. ಜೋಳದ ರೊಟ್ಟಿ ವಾರದಲ್ಲಿ ಒಗ್ಗಿತು. ಮಾತು ಒಗ್ಗಲು ತಿಂಗಳುಗಳೇ ಬೇಕಾದವು. ಎಲ್ಲರೂ ಜಗಳವಾಡುತ್ತಿದ್ದಾರೆಂದೇ ಮೊದಮೊದಲು ತಿಳಿದಿದ್ದೆ. ಭಾನುವಾರದ ಒಂಟಿತನಕ್ಕೆ ಜೊತೆಯಾದದ್ದು ಮಿದುಳು ಮತ್ತು ಕಟ್ಟಡಗಳ ನಂಟಿನ ಬಗೆಗಿನ ಓದು. ಕಿಟಕಿಯಾಚೆಯ ಹಸಿರು, ಬೆಳಕು ಬೀಳುವ ದಿಕ್ಕು, ಗೋಡೆಯ ಎತ್ತರ, ಇವೆಲ್ಲ ನಮಗರಿವಿಲ್ಲದೆ ಮಿದುಳಿನೊಳಗೂ ಕಟ್ಟಿಕೊಳ್ಳುತ್ತವೆಯಂತೆ. ಉರಿಬಿಸಿಲಿನ ಮಧ್ಯಾಹ್ನ ಓದುತ್ತ ಓದುತ್ತ, ಯಾರದೋ ನೆನಪಿನ ಮನೆಯೊಳಗೆ ಬರಿಗಾಲಲ್ಲಿ ಅಲೆದಂತೆನಿಸುತ್ತಿತ್ತು.

ಶರಣಮ್ಮನವರ ಗಂಡ ಗುರುಪಾದಪ್ಪ ಮಾಸ್ತರರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೆಚ್ಚುಕಡಿಮೆ ಹೋಗಿದ್ದವು. ಕಲಬುರಗಿಯ ಮಿದುಳಿನ ಡಾಕ್ಟರು ಹೇಳಿದ್ದರು: "ಒಳಗ ಹಳೇ ದಾರಿ ಮುಚ್ಚ್ಯಾದ. ನಡದೂ ನಡದೂ ಹೊಸಾ ದಾರಿ ಬೀಳಬೇಕು. ಮೊದಲಿನ ನಾಕಾರು ತಿಂಗಳೇ ಮುಖ್ಯ ರೀ, ತಡ ಮಾಡಿದ್ರ ಹಾಸಿಗೀನೇ ಗತಿ." ಮಾಸ್ತರರು ಎದ್ದು ನಡೆಯುವಂಥ ಕೋಣೆಯೊಂದನ್ನು ಕಟ್ಟಿಸಿಕೊಡುವುದು ನನ್ನ ಪಾಲಿಗೆ ಬಂದ ಕೆಲಸ.

ನಮ್ಮ ಕಡೆ ಕಾಯಿಲೆಯವರಿಗೆ ಮೊದಲು ಕೊಡುವುದು ಮೌನ. ನಕ್ಷೆಯಲ್ಲೂ ಅದನ್ನೇ ಬರೆದೆ. ಹಿತ್ತಲಲ್ಲಿ ತಂಪು ಕೋಣೆ, ನೆಲಕ್ಕೆ ಶಹಾಬಾದಿ ಕಲ್ಲು, ಕಿಟಕಿ ತೆರೆದರೆ ಕೆಂಪುಬಾಳೆಯ ಗಿಡಗಳು. ಗೌಂಡಿ ಮೆಹಬೂಬಸಾಬರು ಚೆಂದವಾಗಿ ಕಟ್ಟಿದರು. ಬೆಳಗಿನ ಬೆಳಕು ಆ ಕಲ್ಲಿನ ಮೇಲೆ ಬಾವಿಯ ನೀರಿನಂತೆ ಅಲುಗುತ್ತಿತ್ತು. ಅಲ್ಲಿ ಕೂತರೆ ನನಗೇ ಜೋಂಪು ಹತ್ತುತ್ತಿತ್ತು.

ಮಾಸ್ತರರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು. ತಿಂಗಳೊಪ್ಪತ್ತಿನಲ್ಲಿ, ಅಷ್ಟಿಷ್ಟು ಆಡುತ್ತಿದ್ದ ಕಾಲೂ ನಿಂತಿತು.

"ಬಾಯಾರ, ಖೋಲಿ ಮಸ್ತ್ ಆಗ್ಯಾದ," ಎಂದರು ಮೆಹಬೂಬಸಾಬರು. "ಆದ್ರ ಬಾಳಿಗಿಡ ಏನು ಮಾಸ್ತರಿಗೆ ಸಲಾಂ ಹೊಡೀತದೇನ್ರಿ?"

"ಕಟ್ಟೂಮುಂದ ಬಾಯಿಗೆ ಸಿಮೆಂಟ್ ಮೆತ್ತಿಕೊಂಡಿದ್ದೇನೋ? ಈಗ ಹೇಳಾಕತ್ತಿ!" ಶರಣಮ್ಮ ರೇಗಿದರು.

"ಓದಿದವರು ಬರ್ದಾರ ಅಂತ ಸುಮ್ನಿದ್ದೆ, ಅಕ್ಕಾ."

ಆಗ ನನಗೆ ತಿಳಿಯಿತು. ಇಲ್ಲಿ ಮನೆಮುಂದಿನ ಕಟ್ಟೆಯ ಮೇಲೆ ಕೂತವರನ್ನು ಮಾತಾಡಿಸದೆ ಯಾರೂ ದಾಟುವಂತಿಲ್ಲ. ಸುಮ್ಮನೆ ಹೋದರೆ ಮುನಿಸೆಂದೇ ಅರ್ಥ. ಕೂತವರೂ ಮರುಮಾತು ಕೊಡಲೇಬೇಕು, ಹೊಸಬರು ಕಂಡರೆ ಯಾವೂರೆಂದು ಕೇಳಲೇಬೇಕು. ನಮ್ಮಲ್ಲಾದರೋ ಮನೆಗೂ ಮನೆಗೂ ನಡುವೆ ತೋಟವಿರುತ್ತದೆ. ಆ ತೋಟದ ಸುಖವನ್ನು ನಾನು ಬೀದಿಯಲ್ಲಿ ಬೆಳೆದ ಮಿದುಳಿಗೆ ಮದ್ದೆಂದು ಕೊಟ್ಟಿದ್ದೆ.

ಮಾಸ್ತರರ ಹಾಸಿಗೆ ಬೀದಿಬದಿಯ ಕೋಣೆಗೆ ಬಂತು. ಮಲಗಿದವರ ಕಣ್ಣಿಗೆ ದಾರಿಹೋಕರ ಕಣ್ಣು ಸಿಗುವಷ್ಟು ತಗ್ಗಿಗೆ ಕಿಟಕಿ ಒಡೆಸಿದೆ. ಹಾಸಿಗೆಯಿಂದ ಕಟ್ಟೆಯವರೆಗೆ ಎಡಗೈಗೆ ಸಿಗುವಂತೆ ಗೋಡೆಗುಂಟ ಮರದ ಹಿಡಿಕೆ ಇಡಿಸಿದೆ.

ಮೊದಲ ದಿನವೇ ಒಬ್ಬರು ನಿಂತು, "ಮಾಸ್ತರ್ರ, ಚಹಾ ಆತ್ರಿ?" ಎಂದರು. ಮಾಸ್ತರರ ತುಟಿ ಅದುರಿ, ಕಣ್ಣಿಂದ ನೀರು ಇಳಿಯಿತು. ಮತ್ತೆ ತಪ್ಪು ಮಾಡಿದೆನೇ ಎಂದು ಕಿಟಕಿ ಮುಚ್ಚಲು ಎದ್ದೆ.

"ಅಳಲಿ ಬಿಡು ಯವ್ವಾ," ಎಂದರು ಶರಣಮ್ಮ. "ಹಿತ್ತಲದಾಗ ಇದ್ದಾಗ ಅಳೂದೂ ಮರ್ತಿದ್ರು."

ಕೇಳಿದವರು ಹೋಗಲಿಲ್ಲ. ಉತ್ತರ ಬರುವವರೆಗೆ ನಿಲ್ಲುವುದೂ ಇಲ್ಲಿನ ರೀತಿಯೇ. ದಿನಗಳು ಕಳೆದಂತೆ ಒಂದು ಬೆರಳು ಎದ್ದಿತು, ಆಮೇಲೆ "ಹಾಂ" ಎಂಬ ದನಿ, ಆಮೇಲೆ ಒಂದೊಂದೇ ಹೆಜ್ಜೆ.

ಕೆಲವು ತಿಂಗಳ ಮೇಲೆ ಬಸ್ಸಿಳಿದು ಹೋದಾಗ ಮಾಸ್ತರರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನನ್ನನ್ನು ನೋಡಿ ಬಹಳ ಹೊತ್ತು ತುಟಿಯಾಡಿಸಿದರು.

"ಯಾ... ವೂರು... ಯವ್ವಾ?"

"ಖೋಲಿ ಕಟ್ಟಿಸಿದಾಕಿ ರೀ ಆಕಿ!" ಎಂದು ಒಳಗಿಂದ ಶರಣಮ್ಮ ಕೂಗಿದರು. ಮಾಸ್ತರರಿಗೆ ಅದು ಗೊತ್ತಿತ್ತು, ಅರ್ಧ ಮುಖದಲ್ಲಿ ತುಂಟನಗೆ ಮೂಡಿತ್ತು. ಕಟ್ಟೆಯಲ್ಲಿ ಕೂತವರು ಕೇಳಲೇಬೇಕಾದ್ದನ್ನು ಕೇಳಿದ್ದರು.

ಬಾಯಿ ತೆರೆದೆ. ಕುಂದಾಪುರ ಬಂತು, ಅದರ ಹಿಂದೆಯೇ ಕಲಬುರಗಿಯೂ ಬಂತು; ಎರಡೂ ನಾಲಿಗೆಯ ತುದಿಯಲ್ಲಿ ಸಿಕ್ಕಿಕೊಂಡು ಯಾವುದೂ ಹೊರಬರಲಿಲ್ಲ. ಮಾಸ್ತರರು ಎಡಗೈ ಊರಿ ಪಕ್ಕಕ್ಕೆ ಸರಿದು ಜಾಗ ಮಾಡಿದರು. ನಾನು ಕೂತೆ. ಅವಸರವೇನಿಲ್ಲ ಎಂಬಂತೆ, ಅವರು ನನ್ನ ಉತ್ತರಕ್ಕೆ ಕಾದರು.