ಸಂತಪುರದ ಹುಣಸೆ ಸಸಿಗಳನ್ನು ಅಳೆಯಲು ಹೋದದ್ದು

“ಬೂಷ್ಟು ಹಾಕಿ ಗಿಡ ಬೆಳಸ್ತಾಳಂತ! ಆಗೂ ಮಾತಲ್ಲ” ಎಂದವನು ನಮ್ಮ ಕಾಕಾ. ನಾನು ಡಿಗ್ರಿ ಮುಗಿಸುತ್ತೇನೆ ಎಂದಾಗಲೂ ಹೀಗೇ ಅಂದಿದ್ದ. ಮುಗಿಸಿದೆ, ನಮ್ಮ ಮನೆತನದಲ್ಲಿ ಮೊದಲ ಪದವೀಧರೆ ನಾನೇ. ಹಾಗಾಗಿ ಅಳತೆಪಟ್ಟಿ ಚೀಲಕ್ಕೆ ಹಾಕಿಕೊಂಡು ಖಟಕ ಚಿಂಚೋಳಿಯಲ್ಲಿ ಬೆಳಗಿನ ಬಸ್ಸು ಹತ್ತಿದೆ. ಹೊಲದ ಕೂಲಿಗೆ ಹೋಗುವ ಅವ್ವ ಅಂದು ಕೆಲಸ ಬಿಟ್ಟು ಜೊತೆಗೆ ಬಂದಳು. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. “ಪುಕ್ಕಟೆ ಬೀದರ ನೋಡಿ ಬರ್ತೇನಿ” ಎಂದಳು.

ಭಾಲ್ಕಿಯಲ್ಲಿ ಬಸ್ಸು ಬದಲಿಸಿದೆವು. ಬೀದರಿನಲ್ಲಿ ಸುಸಲಾ, ಮಿರ್ಚಿ ಭಜಿ ತಿಂದು ಔರಾದ ಬಸ್ಸಿನಲ್ಲಿ ಕುಳಿತೆವು. ಬಿಸಿಲು ಏರಿತ್ತು. ಕೆಂಪು ಮಣ್ಣು ಹೋಗಿ ಎರೆ ಹೊಲಗಳು ಬಂದವು.

“ರೊಟ್ಟಿಗಿ ಬೂಷ್ಟು ಹತ್ತಿದ್ರ ನಾ ಒಗೀತೇನಿ, ನೀ ಬೇರಿಗಿ ಹಾಕ್ತಿ” ಎಂದಳು ಅವ್ವ.

ಇದು ಕೊಳೆಸುವ ಜಾತಿಯದಲ್ಲ ಎಂದೆ. ಬೇರಿನೊಳಗೆ ಹೊಕ್ಕು, ಕೂದಲಿಗಿಂತ ಸಣ್ಣ ಎಳೆಗಳನ್ನು ಮಣ್ಣಿಗೆ ಚಾಚಿ, ಬೇರಿಗೆ ಎಟುಕದ ನೀರು, ಸತ್ವ ತಂದುಕೊಡುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ.

“ಇವತ್ತ ನಿನ್ನ ಹೊಲಕ್ಕ, ನಾಳಿ ನನ್ನ ಹೊಲಕ್ಕ. ಮುಯ್ಯಾಳಿನಂಗ ಅನ್ನು.”

ಸಂತಪುರದ ನರ್ಸರಿಯಲ್ಲಿ ಬಿತ್ತುವಾಗ ನಾನೇ ಅರ್ಧ ಹುಣಸೆ ಪಾಕೀಟುಗಳಿಗೆ ಆ ಶಿಲೀಂಧ್ರದ ಪುಡಿ ಹಾಕಿದ್ದೆ, ಅರ್ಧಕ್ಕೆ ಹಾಕಿರಲಿಲ್ಲ. ಎರಡರ ವ್ಯತ್ಯಾಸ ಅಳೆದು ವರದಿ ಒಪ್ಪಿಸಿದರೆ ಸಂಜೆ ಬೀದರಿನ ನೌಬಾದದ ತರಬೇತಿ ಕೇಂದ್ರದಲ್ಲಿ ನನ್ನ ತರಬೇತಿಯ ಪ್ರಮಾಣಪತ್ರ. ಅಳೆದೆ. ಎರಡೂ ಸಾಲು ಒಂದೇ ಎತ್ತರ! ಇನ್ನೊಮ್ಮೆ ಅಳೆದೆ. ಅಷ್ಟೇ.

ನೀರುಣಿಸುವ ಸುಶೀಲಾಬಾಯಿ ಪುಡಿ ಹಾಕದ ಸಾಲು ತೋರಿಸಿ ನಕ್ಕಳು. “ಈ ಸಾಲಿನವು ಸೊರಗಿದ್ದುವ್ರಿ ಅಕ್ಕೋರೆ. ಪಾಪ ಅನಿಸ್ತು, ಎರಡೆರಡು ಮುಷ್ಟಿ ಗೊಬ್ಬರ ಕೊಟ್ಟೆ. ಒಂದಕ್ಕ ಉಣಿಸಿ ಇನ್ನೊಂದಕ್ಕ ಉಪಾಸ ಕೆಡವ್ತಾರೇನ್ರಿ?”

ಎರಡೂ ಸಾಲಿನ ಒಂದೊಂದು ಪಾಕೀಟು ಸೀಳಿ ನೋಡಿದೆ. ಪುಡಿ ಹಾಕಿದ ಸಸಿಯ ಬೇರು ಮಣ್ಣನ್ನು ಬಿಡಲಿಲ್ಲ; ಇನ್ನೊಂದರ ಮಣ್ಣು ಉದುರಿತು. ಆದರೆ ಎರಡೇ ಸಸಿಯಿಂದ ಏನು ಹೇಳಲು ಬರುತ್ತದೆ?

“ಗೊಬ್ಬರದ ಮಾತು ಬರೀಬ್ಯಾಡ್ರಿ. ಯಾರಿಗಿ ತಿಳೀತದ?” ಎಂದಳು ಸುಶೀಲಾಬಾಯಿ.

ವಾಪಸು ಬಸ್ಸಿನಲ್ಲಿ ಎಲ್ಲವನ್ನೂ ಬರೆದೆ. ಗೊಬ್ಬರ ಬಿದ್ದು ಅಳತೆ ಕೆಟ್ಟದ್ದು, ಪುಡಿ ಹಾಕದ ಸಾಲನ್ನು ಹಾಗೇ ಬಿಡಬೇಕೆಂದು ಸುಶೀಲಾಬಾಯಿಗೆ ತಿಳಿಸದಿದ್ದ ನನ್ನ ತಪ್ಪು. ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ.

ನೌಬಾದದಲ್ಲಿ ತರಬೇತಿ ಕೇಂದ್ರದ ಮೇಡಂ ವರದಿಯನ್ನು ಎರಡು ಸಲ ಓದಿದರು. “ಒಂದು ಸಾಲಿಗಿ ಗೊಬ್ಬರ ಬೇಕಾತು, ಇನ್ನೊಂದಕ್ಕ ಬೇಕಾಗಲಿಲ್ಲ. ಸುಶೀಲಾಬಾಯಿ ಕಣ್ಣಿಗೇ ಅದು ಕಂಡದ. ಇದೂ ಫಲಿತಾಂಶನೇ. ಮುಂದಿನ ಹಂಗಾಮಿಗಿ ಮತ್ತ ಮಾಡ್ರಿ, ಆಕಿಗಿ ಮೊದಲೇ ತಿಳಿಸಿ ಹೇಳ್ರಿ” ಎಂದು ಪ್ರಮಾಣಪತ್ರ ಕೈಗಿಟ್ಟರು.

ಹೊರಗೆ ಬಂದ ಮೇಲೆ ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. “ಹೊಲದಾಗ ನಾವು ತಪ್ಪಾತು ಅಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ ಅಂತಾರ” ಎಂದಳು. “ನಿನಗ ಕಾಗದ ಕೊಟ್ಟಾರಲ್ಲ, ಯವ್ವಾ!”